ತರಗತಿ ಒಂದೇ, ವಯಸ್ಸು ಬೇರೆ: ಮಂಗಳೂರಿನ ಒಂದು ಖಾಸಗಿ ಶಾಲಾ ಫುಟ್‌ಬಾಲ್ ಲೀಗಿನ ವಿಮರ್ಶೆ

ಮಂಗಳೂರಿನ ಒಂದು ಖಾಸಗಿ ಕ್ರೀಡಾ ಸಂಸ್ಥೆ ನಗರದ ಖಾಸಗಿ ಶಾಲೆಗಳಿಗಾಗಿ ಪ್ರತಿವರ್ಷ ನಡೆಸುವ ಫುಟ್‌ಬಾಲ್ ಲೀಗಿನ ವಿಮರ್ಶೆ ಇದು. ದಸರಾ ರಜೆ ಮುಗಿದು ಮಳೆ ಪೂರ್ತಿ ಹಿಂದೆ ಸರಿದ ಮೇಲೆ ಆರಂಭವಾಗುವ ಈ ಲೀಗ್, ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಗಳಿಗೆ ಮೊದಲೇ ಮುಗಿಯುತ್ತದೆ. ಪಂದ್ಯಗಳು ಶನಿವಾರ ಮಧ್ಯಾಹ್ನದ ಮೇಲೆ ಮತ್ತು ಭಾನುವಾರ ಬೆಳಿಗ್ಗೆ, ಹೊನಲು ಬೆಳಕಿನ ವ್ಯವಸ್ಥೆಯಿರುವ ಕೃತಕ ಹುಲ್ಲಿನ ಟರ್ಫಿನಲ್ಲಿ, ತಂಡಕ್ಕೆ ಏಳು ಮಂದಿಯಂತೆ ನಡೆಯುತ್ತವೆ. ಐದರಿಂದ ಏಳನೆಯ ತರಗತಿಯವರಿಗೆ ಕಿರಿಯರ ವಿಭಾಗ, ಎಂಟರಿಂದ ಹತ್ತನೆಯ ತರಗತಿಯ ಹುಡುಗರಿಗೆ ಹಿರಿಯರ ವಿಭಾಗ. ಕಿರಿಯರ ವಿಭಾಗದಲ್ಲಿ ಹುಡುಗಿಯರೂ ಹುಡುಗರೂ ಕೂಡಿ ಆಡಬಹುದು. ನನ್ನ ಮಗಳು ಅದರಲ್ಲಿಯೂ, ಒಂಬತ್ತನೆಯ ತರಗತಿಯ ಮಗ ಹಿರಿಯರ ವಿಭಾಗದಲ್ಲಿಯೂ ಆಡಿದ್ದಾರೆ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ನಾನು ಎತ್ತಬೇಕೆಂದಿರುವ ಪ್ರಶ್ನೆ ಆ ಒಂದು ಸಂಸ್ಥೆಗೆ ಮಾತ್ರ ಸೇರಿದ್ದಲ್ಲ. ತರಗತಿಯನ್ನೇ ಆಧಾರವಾಗಿಟ್ಟುಕೊಂಡು ಮಕ್ಕಳ ಪಂದ್ಯಾಟ ನಡೆಸುವ ಎಲ್ಲರಿಗೂ ಸೇರಿದ್ದು.

ಸೌಕರ್ಯಗಳ ವಿಷಯದಲ್ಲಿ ದೂರಲು ಹೆಚ್ಚೇನೂ ಇಲ್ಲ. ಟರ್ಫ್ ಸುಸ್ಥಿತಿಯಲ್ಲಿದೆ, ಗೋಲು ಕಂಬಗಳನ್ನು ನೆಲಕ್ಕೆ ಭದ್ರವಾಗಿ ಬಿಗಿದಿದ್ದಾರೆ, ಕುಡಿಯುವ ನೀರು ಮತ್ತು ಮಂಜುಗಡ್ಡೆ ಸದಾ ಸಿದ್ಧವಿರುತ್ತವೆ, ಪ್ರಥಮ ಚಿಕಿತ್ಸೆ ತಿಳಿದ ಒಬ್ಬರು ಪ್ರತಿ ಪಂದ್ಯಕ್ಕೂ ಗೆರೆಯ ಪಕ್ಕದಲ್ಲಿ ಕುಳಿತಿರುತ್ತಾರೆ. ರೆಫ್ರಿಗಳು ಮಕ್ಕಳ ಮೇಲೆ ಕೂಗಾಡುವುದಿಲ್ಲ, ತಪ್ಪು ಮಾಡಿದ ಹುಡುಗನನ್ನು ಕರೆದು ಏನು ತಪ್ಪಾಯಿತೆಂದು ವಿವರಿಸುತ್ತಾರೆ; ಇದು ನಮ್ಮ ಶಾಲಾ ಪಂದ್ಯಾಟಗಳಲ್ಲಿ ಅಪರೂಪವಾಗಿ ಸಿಗುವ ಗುಣವಾದ್ದರಿಂದ ವಿಶೇಷವಾಗಿ ಹೇಳಬೇಕೆನಿಸಿತು. ಶನಿವಾರದ ಮೊದಲ ಪಂದ್ಯವನ್ನು ಮಾತ್ರ ಒಂದು ಗಂಟೆ ಮುಂದಕ್ಕೆ ಹಾಕುವುದು ಒಳ್ಳೆಯದು. ಕೃತಕ ಹುಲ್ಲು ಬಿಸಿಲಿಗೆ ಸಹಜ ಹುಲ್ಲಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ, ಕರಾವಳಿಯ ತೇವಭರಿತ ಸೆಕೆಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಅದರ ಮೇಲೆ ಓಡುವುದು ಮಕ್ಕಳಿಗೆ ಹಿತವಲ್ಲ. ಪ್ರವೇಶ ಶುಲ್ಕವನ್ನು ತಂಡಕ್ಕೆ ಇಷ್ಟು ಎಂದು ಶಾಲೆಯಿಂದ ಪಡೆಯುತ್ತಾರೆ, ಶಾಲೆ ಅದನ್ನು ಪೋಷಕರಲ್ಲಿ ಹಂಚುತ್ತದೆ. ಸಿಗುವ ಸೇವೆಯನ್ನು ನೋಡಿದರೆ ಆ ಮೊತ್ತ ದುಬಾರಿಯೆನಿಸುವುದಿಲ್ಲ. ಕಿರಿಯರ ವಿಭಾಗದ ಬಗ್ಗೆ ನನಗೆ ಪೂರ್ಣ ತೃಪ್ತಿಯಿದೆ.

ಹಿರಿಯರ ವಿಭಾಗದ ಬಗ್ಗೆ ಅದೇ ಮಾತನ್ನು ಹೇಳಲಾರೆ. ಆ ವಿಭಾಗಕ್ಕೆ ಅರ್ಹತೆಯ ನಿಯಮ ಒಂದೇ ವಾಕ್ಯದಲ್ಲಿದೆ: ಆಟಗಾರನು ಆ ಶಾಲೆಯ ಎಂಟು, ಒಂಬತ್ತು ಅಥವಾ ಹತ್ತನೆಯ ತರಗತಿಯಲ್ಲಿ ಓದುತ್ತಿರಬೇಕು, ಅದಕ್ಕೆ ಮುಖ್ಯೋಪಾಧ್ಯಾಯರ ದೃಢೀಕರಣವಿರಬೇಕು. ಜನ್ಮದಿನಾಂಕವನ್ನು ನಮೂನೆಯಲ್ಲಿ ಕೇಳುವುದೇ ಇಲ್ಲ. ಐದೂವರೆ ಅಥವಾ ಆರನೆಯ ವಯಸ್ಸಿಗೆ ಒಂದನೆಯ ತರಗತಿಗೆ ಸೇರಿದ ಮಗು ಎಲ್ಲಿಯೂ ನಿಲ್ಲದೆ ಬಂದರೆ ಎಂಟನೆಯ ತರಗತಿಯ ಆರಂಭದಲ್ಲಿ ಅದಕ್ಕೆ ಹನ್ನೆರಡೂವರೆ ಅಥವಾ ಹದಿಮೂರು ವರ್ಷ, ಹತ್ತನೆಯ ತರಗತಿಯ ಕೊನೆಗೆ ಹದಿನೈದೂವರೆ ಅಥವಾ ಹದಿನಾರು ವರ್ಷ ಆಗಿರುತ್ತದೆ. ಸೇರ್ಪಡೆಯ ವಯಸ್ಸಿನ ಬಗ್ಗೆಯೇ ನಮ್ಮ ರಾಜ್ಯದಲ್ಲಿ ಹಗ್ಗಜಗ್ಗಾಟ ನಡೆದಿದೆ: ಜೂನ್ 1ಕ್ಕೆ ಆರು ವರ್ಷ ತುಂಬಿರಲೇಬೇಕೆಂಬ ಆದೇಶ 2025–26ರಿಂದ ಜಾರಿಗೆ ಬರಬೇಕಿತ್ತು, ಪೋಷಕರ ಒತ್ತಾಯದಿಂದ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಲಾಯಿತು. ಹೀಗಾಗಿ ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರು ಮಕ್ಕಳ ನಡುವೆ ಯಾರ ತಪ್ಪೂ ಇಲ್ಲದೆ ಒಂದು ವರ್ಷಕ್ಕೂ ಮಿಕ್ಕಿದ ಅಂತರ ಇರಬಹುದು. ಇದರ ಮೇಲೆ ಒಂಬತ್ತನೆಯ ತರಗತಿಯಲ್ಲಿ ಉಳಿದವರು, ಬೇರೆ ಪಠ್ಯಕ್ರಮದಿಂದ ಬಂದು ಒಂದು ತರಗತಿ ಕೆಳಗೆ ಸೇರಿದವರು, ಹೊರಜಿಲ್ಲೆಗಳಿಂದ ಬಂದು ಕ್ರೀಡಾ ವಿದ್ಯಾರ್ಥಿಗಳಾಗಿ ಹಾಸ್ಟೆಲಿನಲ್ಲಿ ಉಳಿದುಕೊಂಡವರು ಸೇರಿಕೊಂಡಾಗ ಎಂಟನೆಯ ತರಗತಿಯ ಹದಿಮೂರರ ಬಾಲಕನ ಎದುರಿಗೆ ಹದಿನೇಳು ದಾಟಿದ ಯುವಕ ನಿಲ್ಲುತ್ತಾನೆ. ಇಬ್ಬರ ಅರ್ಹತಾ ಪತ್ರವೂ ನೂರಕ್ಕೆ ನೂರು ಸರಿಯಾಗಿರುತ್ತದೆ.

ನನ್ನ ಮಗನ ತಂಡ ಈ ಬಾರಿ ಅಂತಹ ಒಂದು ತಂಡದ ಎದುರು ಆಡಿತು. ಎದುರು ತಂಡದ ಮುಂಪಡೆಯ ಆಟಗಾರ ಮತ್ತು ಇಬ್ಬರು ರಕ್ಷಣಾ ಆಟಗಾರರು ತಮ್ಮ ತರಗತಿಯ ಉಳಿದವರಿಗಿಂತ ಎರಡು ವರ್ಷ ಹಿರಿಯರು ಎಂಬುದನ್ನು ಆ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರೇ ಯಾವ ಮುಚ್ಚುಮರೆಯೂ ಇಲ್ಲದೆ ನನ್ನಲ್ಲಿ ಹೇಳಿದರು. "ಅಕ್ಕಾ, ಹುಡುಗ ಒಂಬತ್ತರಲ್ಲೇ ಇರುವುದು, ದಾಖಲೆ ಎಲ್ಲ ಸರಿ ಉಂಟು. ನಿಯಮದಲ್ಲಿ ವಯಸ್ಸು ಅಂತ ಎಲ್ಲಿ ಬರೆದಿದ್ದಾರೆ, ಹೇಳಿ?" ಎಂದು ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ನಿಯಮದ ಪ್ರಕಾರ ಅವರು ಹೇಳಿದ್ದು ನಿಜ. ಅವರು ಮೋಸ ಮಾಡಲಿಲ್ಲ. ಪಂದ್ಯದ ನಡುವೆ ನಮ್ಮ ಕಡೆಯ ಎಂಟನೆಯ ತರಗತಿಯ ಹುಡುಗನೊಬ್ಬ ಚೆಂಡಿಗಾಗಿ ಭುಜ ಕೊಟ್ಟು, ಎದುರಿನವನ ಬರಿಯ ಭಾರಕ್ಕೇ ತೂರಿಹೋಗಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡ. ರೆಫ್ರಿ ಫೌಲ್ ಕೊಡಲಿಲ್ಲ. ಅದು ಫೌಲ್ ಆಗಿರಲೂ ಇಲ್ಲ. ನಿಯಮದೊಳಗೆ ನಡೆದ ಭುಜದ ಸ್ಪರ್ಧೆಯೊಂದರಲ್ಲಿ ಒಬ್ಬನ ದೇಹ ಬೆಳೆದು ಮುಗಿದಿತ್ತು, ಇನ್ನೊಬ್ಬನದು ಬೆಳೆಯಲು ಆಗತಾನೆ ಹೊರಟಿತ್ತು.

ಹುಡುಗರ ಬೆಳವಣಿಗೆಯ ಲೆಕ್ಕ ತಿಳಿದವರಿಗೆ ಇದರ ಗಂಭೀರತೆ ಅರ್ಥವಾಗುತ್ತದೆ. ಸರಾಸರಿಯಾಗಿ ಹುಡುಗರ ಎತ್ತರದ ಜಿಗಿತ ಹದಿನಾಲ್ಕರ ಆಸುಪಾಸಿನಲ್ಲಿ ತೀವ್ರಗೊಳ್ಳುತ್ತದೆ. ಆ ಹಂತದಲ್ಲಿ ಒಂದೇ ವರ್ಷಕ್ಕೆ 8ರಿಂದ 10 ಸೆಂಟಿಮೀಟರ್ ಬೆಳೆಯುವುದುಂಟು. ಸ್ನಾಯುಗಳ ಬಲ ಹೆಚ್ಚುವುದು ಅದರ ನಂತರ. ಎಲುಬುಗಳು ಉದ್ದವಾಗುವ ವೇಗಕ್ಕೆ ಅವುಗಳಲ್ಲಿ ಖನಿಜಾಂಶ ತುಂಬುವ ವೇಗ ಸರಿಸಾಟಿಯಾಗುವುದಿಲ್ಲವಾದ್ದರಿಂದ ಈ ಹಂತದಲ್ಲಿಯೇ ಮುಂಗೈ ಮತ್ತು ಮಣಿಕಟ್ಟಿನ ಮೂಳೆ ಮುರಿತಗಳು ಹೆಚ್ಚು ಕಾಣಿಸುತ್ತವೆ. ಮೂವತ್ತು ಮತ್ತು ಮೂವತ್ತೆರಡು ವಯಸ್ಸಿನ ಇಬ್ಬರ ನಡುವಿನ ಎರಡು ವರ್ಷಕ್ಕೆ ಆಟದಲ್ಲಿ ಅರ್ಥವೇ ಇಲ್ಲ. ಹದಿಮೂರೂವರೆ ಮತ್ತು ಹದಿನೈದೂವರೆಯ ಇಬ್ಬರು ಹುಡುಗರ ನಡುವಿನ ಎರಡು ವರ್ಷ ಇಡೀ ಪಂದ್ಯದ ಸ್ವರೂಪವನ್ನೇ ಬದಲಿಸುತ್ತದೆ.

ಈ ಸಮಸ್ಯೆಯನ್ನು ನಾನು ಮೊದಲು ಕೇಳಿದ್ದು ಮಂಗಳೂರಿನಲ್ಲಿ ಅಲ್ಲ. ನನ್ನ ಅಣ್ಣನ ಕುಟುಂಬ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ಬಳಿ ನೆಲೆಸಿದೆ. ಅವನ ಮಗ ಅಲ್ಲಿನ ಖಾಸಗಿ ಶಾಲೆಯೊಂದರಲ್ಲಿ ಲ್ಯಾಕ್ರೋಸ್ ಆಡುತ್ತಾನೆ. ನಮ್ಮಲ್ಲಿ ಹೆಚ್ಚಿನವರಿಗೆ ಪರಿಚಯವಿಲ್ಲದ ಈ ಆಟ ಉತ್ತರ ಅಮೆರಿಕದ ಮೂಲನಿವಾಸಿಗಳಿಂದ ಬಂದದ್ದು. ತುದಿಯಲ್ಲಿ ಬಲೆಯ ಚೀಲವಿರುವ ಕೋಲಿನಿಂದ ಗಟ್ಟಿ ರಬ್ಬರಿನ ಚೆಂಡನ್ನು ಹಿಡಿದು, ಎಸೆದು, ಗೋಲು ಹೊಡೆಯಬೇಕು. ಮೇರಿಲ್ಯಾಂಡಿನಲ್ಲಿ ಅದು ರಾಜ್ಯದ ಅಧಿಕೃತ ತಂಡ ಕ್ರೀಡೆ. 1904 ಮತ್ತು 1908ರ ಒಲಿಂಪಿಕ್ಸ್‌ಗಳಲ್ಲಿ ಪದಕದ ಆಟವಾಗಿದ್ದ ಲ್ಯಾಕ್ರೋಸ್ 2028ರ ಲಾಸ್ ಏಂಜಲೀಸ್ ಕೂಟಕ್ಕೆ ಮರಳುತ್ತಿದೆ. ಕ್ರಿಕೆಟಿನ ಜೊತೆಗೇ ಅದನ್ನೂ ಸೇರಿಸುವ ನಿರ್ಧಾರವಾದದ್ದು 2023ರ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ನಡೆದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನದಲ್ಲಿ. ಹುಡುಗರ ಮೈದಾನದ ಲ್ಯಾಕ್ರೋಸ್‌ನಲ್ಲಿ ತಂಡಕ್ಕೆ ಹತ್ತು ಮಂದಿ, ತಲೆಗೆ ಶಿರಸ್ತ್ರಾಣ, ಮೈಗೆ ಕವಚ. ಚೆಂಡು ಹಿಡಿದವನನ್ನು ನಿಯಮಬದ್ಧವಾಗಿ ಮೈಯಿಂದ ತಡೆದು ತಳ್ಳುವುದಕ್ಕೆ ಅವಕಾಶವಿದೆ. ಎಂದರೆ ಎದುರಾಳಿಯ ವಯಸ್ಸು ಮತ್ತು ತೂಕ ಅಲ್ಲಿ ಫುಟ್‌ಬಾಲಿಗಿಂತಲೂ ನೇರವಾಗಿ ಮಗುವಿನ ಮೈಮೇಲೆ ಬರುತ್ತದೆ.

ಅಲ್ಲಿನ ಖಾಸಗಿ ಶಾಲೆಗಳಲ್ಲಿ ಓದಿನಲ್ಲಿ ಯಾವ ತೊಡಕೂ ಇಲ್ಲದ ಹುಡುಗನನ್ನು ಒಂದು ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸುವ ಪದ್ಧತಿ ಬೇರೂರಿದೆ. ಎಂಟನೆಯ ತರಗತಿಯನ್ನು ಒಂದು ಶಾಲೆಯಲ್ಲಿ ಮುಗಿಸಿ ಇನ್ನೊಂದು ಖಾಸಗಿ ಶಾಲೆಯಲ್ಲಿ ಮತ್ತೆ ಎಂಟಕ್ಕೇ ಸೇರುವವರಿದ್ದಾರೆ, ಶಾಲೆ ಬದಲಿಸುವಾಗ ಒಂಬತ್ತನ್ನೋ ಹತ್ತನ್ನೋ ಪುನರಾವರ್ತಿಸುವವರಿದ್ದಾರೆ, ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡ್ ಪ್ರದೇಶದ ವಸತಿ ಶಾಲೆಗಳಲ್ಲಿ ಹನ್ನೆರಡನೆಯ ತರಗತಿ ಮುಗಿದ ಮೇಲೆ ಇನ್ನೂ ಒಂದು ವರ್ಷ ಉಳಿದು ಶಾಲಾ ತಂಡದಲ್ಲಿಯೇ ಆಡುವವರಿದ್ದಾರೆ. ಇದಕ್ಕೆಲ್ಲ ಪ್ರೇರಣೆ ಕಾಲೇಜಿನ ಸೀಟು. ಪ್ರಥಮ ಶ್ರೇಣಿಯ ಕಾಲೇಜು ಪುರುಷರ ಲ್ಯಾಕ್ರೋಸ್ ತಂಡವೊಂದಕ್ಕೆ ದೀರ್ಘಕಾಲ 12.6 ಪೂರ್ಣ ವಿದ್ಯಾರ್ಥಿವೇತನಗಳ ಮಿತಿಯಿತ್ತು, ಅಷ್ಟನ್ನೇ ತಂಡದ ಆಟಗಾರರೆಲ್ಲರಲ್ಲಿ ತುಂಡು ತುಂಡಾಗಿ ಹಂಚಬೇಕಿತ್ತು. ಆದ್ದರಿಂದ ಹಣಕ್ಕಿಂತಲೂ ಒಳ್ಳೆಯ ವಿಶ್ವವಿದ್ಯಾಲಯಕ್ಕೆ ಪ್ರವೇಶ ಸಿಗುವುದೇ ಅಲ್ಲಿನ ಪೋಷಕರಿಗೆ ದೊಡ್ಡ ಆಕರ್ಷಣೆ. ಎಂಟು, ಒಂಬತ್ತನೆಯ ತರಗತಿಯ ಮಕ್ಕಳನ್ನೇ ಕಾಲೇಜು ತರಬೇತುದಾರರು ಕಾದಿರಿಸತೊಡಗಿದ್ದು ಎಷ್ಟು ಅತಿಯಾಯಿತೆಂದರೆ, ಹನ್ನೊಂದನೆಯ ತರಗತಿಯ ಸೆಪ್ಟೆಂಬರ್ 1ರ ಮೊದಲು ಅವರನ್ನು ಸಂಪರ್ಕಿಸಕೂಡದೆಂದು 2017ರಲ್ಲಿ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ನಿಯಮ ಮಾಡಬೇಕಾಯಿತು. ಆದರೆ ಆ ನಿಯಮವೂ ತರಗತಿಯನ್ನೇ ಎಣಿಸುತ್ತದೆ, ಹುಟ್ಟಿದ ದಿನವನ್ನಲ್ಲ. ಒಂಬತ್ತನೆಯ ತರಗತಿಗೆ ಕಾಲಿಟ್ಟ ಕ್ಷಣದಿಂದ ನಾಲ್ಕು ವರ್ಷಗಳೊಳಗೆ ಹದಿನಾರು ಮುಖ್ಯ ಪಾಠವಿಷಯಗಳನ್ನು ಮುಗಿಸಬೇಕೆಂಬ ಅದೇ ಸಂಸ್ಥೆಯ ಇನ್ನೊಂದು ನಿಯಮಕ್ಕೆ, ಒಂಬತ್ತಕ್ಕೆ ಮೊದಲು ಕಳೆದ ಹೆಚ್ಚುವರಿ ವರ್ಷ ಲೆಕ್ಕಕ್ಕೇ ಬರುವುದಿಲ್ಲ. ಎಂಟನೆಯ ತರಗತಿಯನ್ನು ಎರಡು ಬಾರಿ ಓದಿಸುವುದು ಜನಪ್ರಿಯವಾದದ್ದಕ್ಕೆ ಇದೂ ಒಂದು ಕಾರಣ.

ಅಲ್ಲಿನ ಸರಕಾರಿ ಶಾಲೆಗಳಲ್ಲಿ ಇದು ಸುಲಭವಲ್ಲ. ಬಹುತೇಕ ರಾಜ್ಯಗಳ ಶಾಲಾ ಕ್ರೀಡಾ ಮಂಡಳಿಗಳು ಹತ್ತೊಂಬತ್ತರ ವಯೋಮಿತಿಯನ್ನೂ, ಒಂಬತ್ತನೆಯ ತರಗತಿಯಿಂದ ಸತತ ಎಂಟು ಸೆಮಿಸ್ಟರ್‌ಗಳ ಮಿತಿಯನ್ನೂ ಇಟ್ಟುಕೊಂಡಿವೆ. ಖಾಸಗಿ ಶಾಲೆಗಳ ಲೀಗುಗಳು ತಮ್ಮ ನಿಯಮವನ್ನು ತಾವೇ ಮಾಡಿಕೊಳ್ಳುತ್ತವೆ. ಜೊತೆಗೆ, ಪುನರಾವರ್ತಿಸುವ ವರ್ಷಕ್ಕೂ ಪೂರ್ಣ ಶುಲ್ಕ ತೆರಬೇಕು. ಆದುದರಿಂದ ವಯಸ್ಸಿನ ಮೇಲುಗೈ ಅಲ್ಲಿ ಹಣವಿದ್ದವರು ಕೊಂಡುಕೊಳ್ಳಬಹುದಾದ ವಸ್ತುವಾಗಿದೆ. ಅಣ್ಣನ ಮಗನಿಗೂ ಕ್ಲಬ್ಬಿನ ತರಬೇತುದಾರರು ಎಂಟನ್ನು ಇನ್ನೊಮ್ಮೆ ಓದುವ ಸಲಹೆ ಕೊಟ್ಟಿದ್ದರು. ಅತ್ತಿಗೆ ಒಪ್ಪಲಿಲ್ಲ. ಚೆನ್ನಾಗಿ ಓದುವ ಹುಡುಗನ ಬಾಳಿನ ಒಂದು ವರ್ಷವನ್ನು ಅವನ ಜೊತೆಯವರೆಲ್ಲ ಮುಂದೆ ಹೋಗುವುದನ್ನು ನೋಡುತ್ತ ಕಳೆಯುವಂತೆ ಮಾಡಲು ತನ್ನಿಂದಾಗದು ಎಂದಳು. ಈಗ ಅವನು ತನ್ನ ತರಗತಿಯ ತಂಡದಲ್ಲಿ ಅತ್ಯಂತ ಕಿರಿಯ, ಹೆಚ್ಚಿನ ಪಂದ್ಯಗಳಲ್ಲಿ ಬದಲಿ ಆಟಗಾರರ ಸಾಲಿನಲ್ಲಿ ಕುಳಿತಿರುತ್ತಾನೆ. ವಯಸ್ಸಿಗೆ ಸರಿಯಾದ ತರಗತಿಯಲ್ಲಿರುವುದೇ ಒಂದು ಕೊರತೆಯಾಗಿ ಪರಿಣಮಿಸಿರುವ ಆ ಸ್ಥಿತಿ ನನಗೆ ಅತ್ಯಂತ ಅನ್ಯಾಯವಾಗಿ ಕಾಣುತ್ತದೆ. ಕೆಲವರು ಒಂದು ವರ್ಷ ಹಿಂದೆ ಸರಿದರೆ ಮೊದಲು ಅವರಿಗಷ್ಟೇ ಲಾಭ. ಎಲ್ಲರೂ ಸರಿದಾಗ ಯಾರಿಗೂ ಲಾಭವಿಲ್ಲ, ಪ್ರತಿಯೊಬ್ಬರ ಒಂದು ವರ್ಷವೂ ಒಂದು ವರ್ಷದ ಶುಲ್ಕವೂ ಹೋಗಿರುತ್ತದೆ, ಸರಿಯಲು ಅನುಕೂಲವಿಲ್ಲದವನು ಮಾತ್ರ ಮೊದಲಿಗಿಂತ ಹಿಂದುಳಿದಿರುತ್ತಾನೆ.

ಮಂಗಳೂರಿನಲ್ಲಿ ಅಷ್ಟು ದೂರ ಯಾರೂ ಹೋಗಿಲ್ಲ ಎಂಬುದು ನನ್ನ ತಿಳಿವಳಿಕೆ. ಇಲ್ಲಿ ಫುಟ್‌ಬಾಲಿನಿಂದ ಹತ್ತನೆಯ ತರಗತಿಯ ಹುಡುಗನಿಗೆ ಸಿಗಬಹುದಾದ ಲಾಭ ಹೆಚ್ಚೆಂದರೆ ಪದವಿಪೂರ್ವ ಕಾಲೇಜೊಂದರಲ್ಲಿ ಕ್ರೀಡಾ ಕೋಟಾದ ಸೀಟು, ಶುಲ್ಕದಲ್ಲಿ ರಿಯಾಯಿತಿ, ಹಾಸ್ಟೆಲಿನ ಊಟ. ಶಾಲೆಗೆ ಸಿಗುವ ಲಾಭ ಗೇಟಿನ ಬಳಿ ಕಟ್ಟುವ ಫ್ಲೆಕ್ಸಿನಲ್ಲಿ ಟ್ರೋಫಿಯ ಚಿತ್ರ ಮತ್ತು ಪ್ರವೇಶಾತಿಯ ಜಾಹೀರಾತಿನಲ್ಲಿ ಒಂದು ಸಾಲು. ಆದರೂ ದಾರಿ ತೆರೆದೇ ಇದೆ ಎಂಬುದನ್ನು ಗಮನಿಸಬೇಕು. ತರಗತಿಯೇ ಅರ್ಹತೆಯಾದರೆ, ಪ್ರತಿಭಾವಂತ ಹುಡುಗನೊಬ್ಬನನ್ನು ಒಂದು ತರಗತಿ ಕೆಳಗೆ ಸೇರಿಸಿಕೊಳ್ಳುವ ಶಾಲೆಗೆ ನಿಯಮವೇ ಬಹುಮಾನ ಕೊಡುತ್ತದೆ, ವಯಸ್ಸಿಗೆ ತಕ್ಕ ಮಕ್ಕಳನ್ನು ಆಡಿಸುವ ಶಾಲೆಗೆ ಅದೇ ನಿಯಮ ದಂಡ ವಿಧಿಸುತ್ತದೆ. ಮುಂದಿನ ವರ್ಷ ಎರಡನೆಯ ಶಾಲೆಯ ಆಡಳಿತ ಮಂಡಳಿ ಏನು ಯೋಚಿಸೀತು ಎಂಬುದನ್ನು ಊಹಿಸಲು ಹೆಚ್ಚು ಬುದ್ಧಿ ಬೇಕಾಗಿಲ್ಲ.

ಆಶ್ಚರ್ಯವೆಂದರೆ ಈ ವಿಷಯದಲ್ಲಿ ನಮ್ಮ ಸರಕಾರಿ ವ್ಯವಸ್ಥೆ ತಾತ್ತ್ವಿಕವಾಗಿ ಖಾಸಗಿ ಲೀಗಿಗಿಂತ ಮುಂದಿದೆ. ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ ಕೂಟಗಳು 14, 17 ಮತ್ತು 19 ವರ್ಷದೊಳಗಿನವರ ವಿಭಾಗಗಳಲ್ಲಿ ನಡೆಯುತ್ತವೆ; ಅಲ್ಲಿ ಮಗು ಯಾವ ತರಗತಿಯೆಂಬುದಕ್ಕಿಂತ ಯಾವ ವರ್ಷ ಹುಟ್ಟಿದ್ದೆಂಬುದು ಮುಖ್ಯ. ನಮ್ಮ ತಾಲೂಕು, ಜಿಲ್ಲೆ, ಮೈಸೂರು ವಿಭಾಗ ಎಂದು ಮೇಲೇರುವ ಇಲಾಖೆಯ ಕ್ರೀಡಾಕೂಟಗಳೂ ಆ ಏಣಿಯ ಮೆಟ್ಟಿಲುಗಳೇ. ಅಲ್ಲಿರುವ ಪಿಡುಗು ಬೇರೆ ಬಗೆಯದು: ನಿಯಮ ಸರಿಯಿದೆ, ದಾಖಲೆ ಸುಳ್ಳಾಗಿರುತ್ತದೆ. ವಯಸ್ಸಿನ ವಂಚನೆ ಎಷ್ಟು ವ್ಯಾಪಕವಾಗಿತ್ತೆಂದರೆ ಕೇಂದ್ರ ಕ್ರೀಡಾ ಸಚಿವಾಲಯ ಅದರ ವಿರುದ್ಧ 2010ರಲ್ಲಿ ಒಂದು ರಾಷ್ಟ್ರೀಯ ಸಂಹಿತೆಯನ್ನೇ ತಂದಿತು. ಕ್ರಿಕೆಟ್ ಮಂಡಳಿ ಎಳೆಯ ಆಟಗಾರರ ಎಡಗೈ ಮತ್ತು ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ, ಟ್ಯಾನರ್ ವೈಟ್‌ಹೌಸ್ ವಿಧಾನದ ಮೂರನೆಯ ಆವೃತ್ತಿಯ ಪ್ರಕಾರ ಮೂಳೆಯ ವಯಸ್ಸನ್ನು ಅಂದಾಜು ಮಾಡುತ್ತದೆ. ವಿಶ್ವ ಫುಟ್‌ಬಾಲ್ ಸಂಸ್ಥೆ 2009ರ 17 ವರ್ಷದೊಳಗಿನವರ ವಿಶ್ವಕಪ್‌ನಿಂದ ಮಣಿಕಟ್ಟಿನ ಎಂಆರ್‌ಐ ಪರೀಕ್ಷೆಯನ್ನು ಬಳಸತೊಡಗಿತು. ಅದರಲ್ಲಿ ವಿಕಿರಣದ ಪ್ರಶ್ನೆಯಿಲ್ಲ, ಆದರೆ ವೆಚ್ಚ ಹೆಚ್ಚು.

ಶಾಲಾ ಮಕ್ಕಳ ಒಂದು ನಗರ ಲೀಗಿಗೆ ಇಂತಹ ಪರೀಕ್ಷೆ ಬೇಕೆಂದು ನಾನು ಖಂಡಿತ ಹೇಳುತ್ತಿಲ್ಲ. ಮೂಳೆಯ ವಯಸ್ಸು ಅಂದಾಜೇ ಹೊರತು ಜನ್ಮದಿನಾಂಕವಲ್ಲ; ಬೇಗ ಬೆಳೆಯುವ ನಿಷ್ಪಾಪಿ ಮಗುವನ್ನು ಅದು ವಂಚಕನೆಂದು ತೋರಿಸಬಹುದು, ಆಟಕ್ಕಾಗಿ ಮಕ್ಕಳಿಗೆ ಎಕ್ಸ್‌ರೇ ತೆಗೆಸುವುದು ನನಗೆ ಒಪ್ಪಿಗೆಯೂ ಅಲ್ಲ. ನಮಗೆ ಬೇಕಾದದ್ದು ಇದಕ್ಕಿಂತ ಬಹಳ ಸರಳ. ಪ್ರತಿ ಮಗುವಿನ ಜನ್ಮದಿನಾಂಕ ರಾಜ್ಯದ ಎಸ್‌ಎಟಿಎಸ್ ಎಂಬ ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆಯಲ್ಲಿ ಈಗಾಗಲೇ ಇದೆ, ಶಾಲೆಗೆ ಅದನ್ನು ಮುದ್ರಿಸಿ ಕೊಡಲು ಹೆಚ್ಚು ಹೊತ್ತು ಬೇಡ. ಅದರ ಜೊತೆಗೆ ಜನನ ಪ್ರಮಾಣಪತ್ರದಲ್ಲಿ ನೋಂದಣಿಯಾದ ದಿನಾಂಕವನ್ನೂ ನೋಡಬೇಕು. ಹುಟ್ಟಿದ 21 ದಿನಗಳೊಳಗೆ ನೋಂದಣಿ ಮಾಡಿಸುವುದು 1969ರ ಜನನ ಮರಣ ನೋಂದಣಿ ಕಾಯ್ದೆಯ ಸಾಮಾನ್ಯ ಕ್ರಮ, ಒಂದು ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಹಾಗಾಗಿ ಹತ್ತು ವರ್ಷ ತಡವಾಗಿ ನೋಂದಣಿಯಾದ ಪ್ರಮಾಣಪತ್ರ ಕಂಡಾಗ ಇನ್ನೊಂದು ದಾಖಲೆ ಕೇಳುವುದು ತಪ್ಪಲ್ಲ. ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿ ಹೆರಿಗೆಗಳು ಆಸ್ಪತ್ರೆಯಲ್ಲಿಯೇ ಆಗುವುದು ಬಹುಕಾಲದ ರೂಢಿಯಾದ್ದರಿಂದ ನಮ್ಮ ಹೆಚ್ಚಿನ ಮಕ್ಕಳಿಗೆ ಇದು ತೊಂದರೆಯ ವಿಷಯವೇ ಅಲ್ಲ.

ಹುಟ್ಟಿದ ದಿನಾಂಕದ ಗೆರೆ ಎಳೆದ ಮಾತ್ರಕ್ಕೆ ಎಲ್ಲವೂ ಸಮವಾಗುವುದಿಲ್ಲ ಎಂಬುದೂ ನಿಜ. ಕೆನಡಾದ ಐಸ್ ಹಾಕಿ ಆಟಗಾರರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚೆಂಬುದನ್ನು ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು 1985ರಲ್ಲಿಯೇ ತೋರಿಸಿದರು. ಜನವರಿ 1ರ ಗೆರೆಯ ಈಚೆ ಹುಟ್ಟಿದ ಮಗುವಿಗೆ ಡಿಸೆಂಬರಿನಲ್ಲಿ ಹುಟ್ಟಿದ ಮಗುವಿಗಿಂತ ಹನ್ನೊಂದು ತಿಂಗಳ ಬೆಳವಣಿಗೆ ಹೆಚ್ಚುವರಿಯಾಗಿ ಸಿಗುತ್ತದೆ, ಆಯ್ಕೆಗಾರರು ಅದನ್ನೇ ಪ್ರತಿಭೆಯೆಂದು ಭಾವಿಸುತ್ತಾರೆ. ಒಂದು ವರ್ಷದ ಪಟ್ಟಿಯೊಳಗೇ ಇಷ್ಟು ವ್ಯತ್ಯಾಸ ಆಗುವುದಾದರೆ, ತರಗತಿಯ ಪಟ್ಟಿಯಲ್ಲಿ ಮೂರು ತರಗತಿಗಳನ್ನು ಕೂಡಿಸಿ ಅದರ ಮೇಲೆ ಪುನರಾವರ್ತನೆಯ ವರ್ಷಗಳನ್ನೂ ಹೇರುವುದು ಎಷ್ಟರಮಟ್ಟಿಗೆ ಸರಿ ಎಂದು ಆಯೋಜಕರು ಯೋಚಿಸಬೇಕು.

ಇನ್ನು ಆ ಹಿರಿಯ ಹುಡುಗರ ಮಾತು. ನಾನು ಈ ವಿಮರ್ಶೆ ಬರೆಯಲು ಅರ್ಧ ಕಾರಣ ಅವರೇ. ಪಂದ್ಯದ ದಿನ ನಮ್ಮ ಕಡೆಯ ಕೆಲವು ಪೋಷಕರು ಎದುರು ತಂಡದ ಮುಂಪಡೆಯ ಹುಡುಗನನ್ನು ಉದ್ದೇಶಿಸಿ, ಎಷ್ಟು ಸಲ ಫೇಲಾಗಿದ್ದಿ, ಮೀಸೆ ಬೋಳಿಸಿಕೊಂಡು ಬಂದಿದ್ದೀಯಾ ಎಂದು ಬೇಲಿಯಾಚೆಯಿಂದ ಕೂಗಿದರು. ಆಟ ಮುಗಿದ ಮೇಲೆ ಅವನ ಶಿಕ್ಷಕರಿಂದ ತಿಳಿದದ್ದು ಇಷ್ಟು: ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆಂದು ಬಂದ ಕುಟುಂಬದ ಮಗ, ಊರು ಬದಲಾದಾಗ ಒಂದು ವರ್ಷ ಶಾಲೆಯೇ ತಪ್ಪಿತು, ಇಂಗ್ಲಿಷ್ ಮಾಧ್ಯಮಕ್ಕೆ ಸೇರುವಾಗ ಇನ್ನೊಂದು ವರ್ಷ ಕೆಳಗೆ ಸೇರಬೇಕಾಯಿತು, ಆಟ ಚೆನ್ನಾಗಿರುವುದರಿಂದ ಶಾಲೆ ಶುಲ್ಕ ಮನ್ನಾ ಮಾಡಿದೆ. ಅವನು ಯಾರ ಸ್ಥಾನವನ್ನೂ ಕದ್ದವನಲ್ಲ. ಅವನ ಪಾಲಿಗೆ ಆ ಶಾಲೆಯಲ್ಲಿ ಉಳಿಯುವ ದಾರಿಯೇ ಫುಟ್‌ಬಾಲ್. ಅಮೆರಿಕದಲ್ಲಿ ಹಣ ತೆತ್ತು ವರ್ಷ ಕೊಳ್ಳುವ ಹುಡುಗನಿಗೂ ಬಡತನದಿಂದ ವರ್ಷ ಕಳೆದುಕೊಂಡ ಈ ಹುಡುಗನಿಗೂ ಭೂಮಿ ಆಕಾಶದ ಅಂತರವಿದೆ. ತರಗತಿಯ ನಿಯಮ ಮಾತ್ರ ಇಬ್ಬರನ್ನೂ ಒಂದೇ ಕಡೆಗೆ ನಿಲ್ಲಿಸಿ, ನೋಡುವವರ ಕಣ್ಣಿಗೆ ಇಬ್ಬರನ್ನೂ ಅಪರಾಧಿಗಳನ್ನಾಗಿ ಮಾಡುತ್ತದೆ.

ಜನ್ಮದಿನಾಂಕದ ನಿಯಮದ ಬಗ್ಗೆ ನನಗೆ ಇಷ್ಟು ಒಲವಿರುವುದು ಈ ಕಾರಣಕ್ಕೆ. ಅದು ಯಾವ ಹುಡುಗನನ್ನೂ ನೀನೇಕೆ ಹಿಂದುಳಿದೆ ಎಂದು ಕೇಳುವುದಿಲ್ಲ, ಅವನ ಅಂಕಪಟ್ಟಿಯನ್ನಾಗಲಿ ಮನೆಯ ಕಷ್ಟವನ್ನಾಗಲಿ ಯಾರ ಮುಂದೆಯೂ ಬಿಚ್ಚಿಡುವುದಿಲ್ಲ, ಉದ್ದೇಶಪೂರ್ವಕವಾಗಿ ಹಿಂದೆ ನಿಂತವನು ಯಾರು, ಅನಿವಾರ್ಯವಾಗಿ ನಿಂತವನು ಯಾರು ಎಂದು ತೀರ್ಮಾನಿಸುವ ಅಧಿಕಾರವನ್ನು ಯಾವ ಸಮಿತಿಗೂ ಕೊಡುವುದಿಲ್ಲ. ಹುಟ್ಟಿದ ವರ್ಷಕ್ಕೆ ಸರಿಯಾದ ವಿಭಾಗದಲ್ಲಿ ಅವನನ್ನು ಆಡಿಸುತ್ತದೆ, ಅಷ್ಟೇ. ಆದರೆ ಅಂತಹ ವಿಭಾಗ ಇರಬೇಕು. ಈಗಿರುವ ಹಿರಿಯರ ವಿಭಾಗವನ್ನು ಒಡೆದು 15 ವರ್ಷದೊಳಗಿನವರು ಮತ್ತು 17 ವರ್ಷದೊಳಗಿನವರು ಎಂದು ಎರಡು ಮಾಡಿದರೆ ಹದಿಮೂರರ ಹುಡುಗನಿಗೂ ಹದಿನಾರರ ಹುಡುಗನಿಗೂ ತಕ್ಕ ಎದುರಾಳಿಗಳು ಸಿಗುತ್ತಾರೆ. ತಂಡಗಳ ಸಂಖ್ಯೆ ಸಾಲದೆಂಬ ಆಕ್ಷೇಪ ಬರಬಹುದು. ಅದಕ್ಕೂ ದಾರಿಯಿದೆ: 1996ರಿಂದ ಒಲಿಂಪಿಕ್ಸ್‌ನ ಪುರುಷರ ಫುಟ್‌ಬಾಲಿನಲ್ಲಿ 23ರ ವಯೋಮಿತಿಯ ತಂಡದಲ್ಲಿ ಮೂವರು ಹಿರಿಯರಿಗೆ ಅವಕಾಶವಿರುವಂತೆ, ಇಲ್ಲಿಯೂ 17ರ ವಿಭಾಗದಲ್ಲಿ ಮಿತಿ ದಾಟಿದ ಒಬ್ಬನನ್ನು ಮಾತ್ರ, ಹೆಸರು ಮೊದಲೇ ಪ್ರಕಟಿಸಿ, ಆಡಿಸಬಹುದು. 15ರ ವಿಭಾಗದಲ್ಲಿ ಈ ರಿಯಾಯಿತಿ ಬೇಡ; ಅಲ್ಲಿ ಅಪಾಯ ಮೈಗೆ ಸಂಬಂಧಿಸಿದ್ದು.

ಈ ಸಲಹೆಗಳನ್ನೆಲ್ಲ ನಮ್ಮ ಶಾಲೆಯ ಪೋಷಕರ ಪರವಾಗಿ ಆಯೋಜಕರಿಗೆ ಬರೆದು ಕೊಟ್ಟಿದ್ದೇವೆ. ಅವರು ಸೌಜನ್ಯದಿಂದಲೇ ಕೇಳಿಸಿಕೊಂಡರು. ಶಾಲೆಗಳು ವಯಸ್ಸಿನ ದಾಖಲೆ ಕೊಡಲು ಹಿಂಜರಿಯುತ್ತವೆ, ಒತ್ತಾಯಿಸಿದರೆ ನಾಲ್ಕೈದು ತಂಡಗಳು ಹೊರಗೆ ಹೋಗುತ್ತವೆ, ಆಗ ಟರ್ಫಿನ ಬಾಡಿಗೆಯೂ ಗಿಟ್ಟುವುದಿಲ್ಲ ಎಂದರು. ವ್ಯವಹಾರದ ದೃಷ್ಟಿಯಿಂದ ಅವರ ಅಂಜಿಕೆ ಸುಳ್ಳಲ್ಲ. ಆದರೆ ಜನ್ಮದಿನಾಂಕ ಕೊಡಲು ಹಿಂಜರಿಯುವ ಶಾಲೆಗಳನ್ನು ಉಳಿಸಿಕೊಳ್ಳುವುದಕ್ಕಾಗಿ ಉಳಿದ ಶಾಲೆಗಳ ಎಳೆಯ ಮಕ್ಕಳನ್ನು ಅಪಾಯಕ್ಕೊಡ್ಡುವುದು ಒಳ್ಳೆಯ ವ್ಯವಹಾರವೂ ಆಗಲಾರದು. ಮಕ್ಕಳಿಗೆ ಪೆಟ್ಟಾಗುವ ಲೀಗಿನಿಂದ ಪೋಷಕರು ಸದ್ದಿಲ್ಲದೆ ದೂರ ಸರಿಯುತ್ತಾರೆ, ಆಯೋಜಕರಿಗೆ ಕಾರಣವೂ ತಿಳಿಯುವುದಿಲ್ಲ. ಮುಂದಿನ ಋತುವಿಗೆ 15ರ ವಿಭಾಗವನ್ನು ಪ್ರಯೋಗಕ್ಕಾಗಿ ಆರಂಭಿಸುವ ಬಗ್ಗೆ ಯೋಚಿಸುವುದಾಗಿ ಕೊನೆಗೆ ಹೇಳಿದ್ದಾರೆ, ಲಿಖಿತವಾಗಿ ಇನ್ನೂ ಏನೂ ಬಂದಿಲ್ಲ.

ಮಕ್ಕಳನ್ನು ಸೇರಿಸಬೇಕೆಂದಿರುವ ಪೋಷಕರಿಗೆ ನನ್ನ ಶಿಫಾರಸು ಹೀಗಿದೆ. ಕಿರಿಯರ ವಿಭಾಗಕ್ಕೆ ಧಾರಾಳವಾಗಿ ಸೇರಿಸಿ. ಆ ವಯಸ್ಸಿನಲ್ಲಿ ಹೆಚ್ಚಿನ ಹುಡುಗರ ಎತ್ತರದ ಜಿಗಿತ ಇನ್ನೂ ತೀವ್ರಗೊಂಡಿರುವುದಿಲ್ಲ, ತರಗತಿ ಮತ್ತು ವಯಸ್ಸಿನ ನಡುವಿನ ಬಿರುಕೂ ಸಣ್ಣದು, ಕಲಿಸುವ ಕ್ರಮವಂತೂ ತುಂಬ ಚೆನ್ನಾಗಿದೆ. ಹತ್ತನೆಯ ತರಗತಿಯ, ಮೈಕಟ್ಟು ಬಲಿತ ಹುಡುಗರು ಹಿರಿಯರ ವಿಭಾಗದಲ್ಲಿ ಆಡಬಹುದು. ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳ ಪೋಷಕರು ಮಾತ್ರ ಶುಲ್ಕ ಕಟ್ಟುವ ಮೊದಲು ಎದುರಾಡುವ ತಂಡಗಳ ಪಟ್ಟಿಯನ್ನು ಜನ್ಮವರ್ಷದೊಂದಿಗೆ ಕೇಳಿ ಪಡೆಯಬೇಕು, ಸಿಗದಿದ್ದರೆ ಆ ವಿಭಾಗಕ್ಕೆ ಸೇರಿಸಬಾರದು. ನನ್ನ ಮಗನಿಗೆ ಮುಂದಿನ ವರ್ಷ ಹತ್ತನೆಯ ತರಗತಿ. ಲೀಗಿನಲ್ಲಿ ಅವನು ಆಡುವುದು ಬಿಡುವುದು ಆಯೋಜಕರ ಉತ್ತರವನ್ನು ಅವಲಂಬಿಸಿದೆ. ಇಲಾಖೆಯ 17 ವರ್ಷದೊಳಗಿನವರ ತಾಲೂಕು ಮಟ್ಟದ ಪಂದ್ಯಾಟಕ್ಕೆ ಶಾಲೆಯ ತಂಡದಲ್ಲಿ ಅವನ ಹೆಸರನ್ನು ಈಗಲೇ ಕೊಟ್ಟಿದ್ದೇವೆ. ಉತ್ತರ ಕರ್ನಾಟಕದ ಆ ಹುಡುಗ ಅಷ್ಟರಲ್ಲಿ ಹದಿನೇಳರ ಮಿತಿಯನ್ನು ದಾಟಿರುತ್ತಾನೆ. ಪದವಿಪೂರ್ವ ಕಾಲೇಜುಗಳನ್ನೂ ಸೇರಿಸಿಕೊಂಡು 19 ವರ್ಷದೊಳಗಿನವರಿಗಾಗಿ ಒಂದು ವಿಭಾಗವನ್ನು ತೆರೆಯಬೇಕೆಂದು ಆಯೋಜಕರಿಗೆ ಕೊಟ್ಟ ಪತ್ರದಲ್ಲಿ ನಾವು ಬರೆದದ್ದು ಅವನಂಥವರಿಗಾಗಿ. ಅವನ ಶಾಲೆಯ ಶಿಕ್ಷಕರೂ ಆ ಪತ್ರಕ್ಕೆ ಸಹಿ ಹಾಕಿದ್ದಾರೆ.